ಸಾಲ ಕುತ್ತಿಗೆಗೆ ಬಂದಾಗ ತಪ್ಪು ಯಾರ್ದು? ಡಬ್ಬ ಸುರಿದು ಲೆಕ್ಕ ಹಾಕೋದು ಹೀಗೆ

ಆಲೂರು ಕಡೆ ಇರೋ ನಮ್ಮತ್ತೆ ಮನೇಲಿ ಸಾಲದ ಕಾಗದ ಎಲ್ಲಾ ಒಂದು ಹಳೇ ಬಿಸ್ಕೆಟ್ ಡಬ್ಬದಲ್ಲಿರುತ್ತೆ. ಮೇಲ್ಗಡೆ ರೇಷನ್ ಕಾರ್ಡು, ಕೆಳಗಡೆ ಕಂತಿನ ಕಾರ್ಡುಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಹೋದ ಮಳೆಗಾಲದಲ್ಲಿ ಫೋನ್ ಮಾಡಿ, "ಒಂದ್ಸಾರಿ ಬಂದು ಹೋಗೋ ಮಗ, ಬುಧವಾರ ಬಂದ್ರೆ ಎದೆ ಹೊಡ್ಕೊಳುತ್ತೆ" ಅಂದ್ರು. ಬುಧವಾರ ಅವರ ಸಂಘದ ಕಂತಿನ ದಿನ.

ಹೋದೆ. ಮನೇಲಿ ಆಗ್ಲೇ ಎರಡು ಪಾರ್ಟಿ ಆಗಿತ್ತು. ಅತ್ತೆ ಮಗ "ಈ ಫೈನಾನ್ಸ್‌ನೋರೇ ಕಳ್ರು" ಅಂತಾನೆ, ಮಾವ "ತಿನ್ನೋವಾಗ ಗೊತ್ತಾಗ್ಲಿಲ್ವಾ ಇವಳಿಗೆ" ಅಂತಾರೆ. ಟೀವಿಲೂ ಇದೇ ಜಗಳ, ಊರಲ್ಲೂ ಇದೇ ಜಗಳ. ನನಗೆ ಅನ್ಸಿದ್ದು ಏನಂದ್ರೆ ತಪ್ಪು ಯಾರ್ದು ಅಂತ ಮನುಷ್ಯನ್ನ ನೋಡಿ ಹೇಳೋಕಾಗಲ್ಲ, ಒಂದೊಂದು ಸಾಲ ಬಿಡಿಸಿ ನೋಡಿದ್ರೆ ಹೇಳ್ಬಹುದು. ಒಂದೇ ಸಾಲದಲ್ಲಿ ಅರ್ಧ ತಪ್ಪು ಅವ್ರದ್ದು ಅರ್ಧ ನಮ್ದು ಇರುತ್ತೆ, ಅವ್ರ ತಪ್ಪಿಗೆ ಹೋಗೋ ಬಾಗಿಲೇ ಬೇರೆ, ನಮ್ಮ ತಪ್ಪಿಗೆ ಹೋಗೋ ಬಾಗಿಲೇ ಬೇರೆ, ಅದಕ್ಕೇ ಈ ಲೆಕ್ಕ ಬೇಕಾಗಿರೋದು. ಸುಮ್ನೆ ಬೈಕೊಂಡು ಕೂತ್ರೆ ಬುಧವಾರ ಅಂತೂ ಬಂದೇ ಬರುತ್ತೆ.

ಮೊದ್ಲು ಡಬ್ಬ ಸುರೀರಿ

ಎಲ್ಲಾನೂ ಚಾಪೆ ಮೇಲೆ ಹರಡಿ, ಬಾಯಿಮಾತಿನ ಕೈಸಾಲ ಇದ್ರೆ ಅದಕ್ಕೂ ಒಂದು ಚೀಟಿ ಬರೆದು ಇಡಿ. ಅತ್ತೆದು ನಾಲ್ಕು ಬಂತು. ಮನೆಗೆ ಶೀಟ್ ಹಾಕ್ಸೋಕೆ ಒಂದು ಫೈನಾನ್ಸ್‌ನಿಂದ 50,000, ಎರಡು ಸಂಘದ ಸಾಲ, ಆಲೂಗಡ್ಡೆ ಬಿತ್ತನೆಗೆ ಊರಿನೋರೊಬ್ರ ಹತ್ರ 40,000 ಕೈಸಾಲ. ಒಂದೊಂದರ ಮುಂದೆ ಐದು ವಿಷ್ಯ ಬರ್ಕೊಳಿ: ಎಷ್ಟು ಸಾಲ, ಕೈಗೆ ನಿಜವಾಗ್ಲೂ ಬಂದಿದ್ದೆಷ್ಟು, ಕಂತು ಎಷ್ಟು, ಇನ್ನೆಷ್ಟು ಕಂತು, ದುಡ್ಡು ಯಾತಕ್ಕೆ ಹೋಯ್ತು. ಐದನೇದು ಬರೆಯೋವಾಗ ಎಲ್ರೂ ಸ್ವಲ್ಪ ತಡವರಿಸ್ತಾರೆ, ಬರೀಲಿ ಬಿಡಿ.

ವಾರದ ಕಂತನ್ನ ತಿಂಗಳಿಗೆ ತರೋವಾಗ ನಾಲ್ಕರಿಂದ ಗುಣಿಸ್ಬೇಡಿ, ವರ್ಷಕ್ಕೆ 52 ವಾರ ಇರೋದು. ವಾರಕ್ಕೆ 700 ಅಂದ್ರೆ ತಿಂಗಳಿಗೆ 2,800 ಅಲ್ಲ, 3,033. ವಾರಕ್ಕೆ 900 ಅಂದ್ರೆ 3,900. ಸಣ್ಣದು ಅನ್ಸುತ್ತೆ, ಆದ್ರೆ ಐದು ವಾರ ಬರೋ ತಿಂಗಳಲ್ಲೇ ಜನ ಕೈಸಾಲಕ್ಕೆ ಓಡೋದು.

ಬ್ಯಾಂಕು, ಫೈನಾನ್ಸು, ಸಂಘದ ಸಾಲಗಳು ಸಿಬಿಲ್‌ನಂಥ ಕ್ರೆಡಿಟ್ ಕಂಪನಿಗಳ ಹತ್ರ ದಾಖಲಾಗಿರುತ್ತೆ, ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು ಅವ್ರು. ಅದನ್ನೂ ತೆಗೆಸಿ ನೋಡಿ, ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ದಿರೋ ಸಾಲ ಇದ್ರೆ ಅಲ್ಲೇ ಕಾಣುತ್ತೆ.

ಬಾಯಲ್ಲಿ ಹೇಳಿದ ಬಡ್ಡಿ, ನಿಜವಾದ ಬಡ್ಡಿ

ಶೀಟಿನ ಸಾಲಕ್ಕೆ "ವರ್ಷಕ್ಕೆ ನೂರಕ್ಕೆ ಹನ್ನೆರಡೇ ಅಮ್ಮ" ಅಂದಿದ್ರಂತೆ. 50,000ಕ್ಕೆ ವರ್ಷಕ್ಕೆ 6,000, ಎರಡು ವರ್ಷಕ್ಕೆ 12,000, ಒಟ್ಟು 62,000ನ 24 ಕಂತು ಮಾಡಿದ್ರೆ ತಿಂಗಳಿಗೆ 2,583. ಲೆಕ್ಕ ಸರಿ ಇದ್ಯಲ್ಲ ಅನ್ಸುತ್ತೆ. ಇಲ್ಲೇ ಇರೋದು ಕೈಚಳಕ. ವರ್ಷ ಕಳೆಯೋ ಹೊತ್ತಿಗೆ ಅತ್ತೆ ಹೆಚ್ಚುಕಮ್ಮಿ ಅರ್ಧ ಅಸಲು ವಾಪಸ್ ಕೊಟ್ಟಾಗಿರುತ್ತೆ, ಆದ್ರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೇ ಓಡ್ತಾ ಇರುತ್ತೆ. ಇದಕ್ಕೆ ಫ್ಲಾಟ್ ರೇಟ್ ಅಂತಾರೆ. ಉಳಿದಿರೋ ಅಸಲಿನ ಮೇಲೆ ಲೆಕ್ಕ ಹಾಕಿದ್ರೆ ಅದು ಶೇ 12 ಅಲ್ಲ, ಶೇ 21.5ರ ಮೇಲೆ.

ಅಷ್ಟಕ್ಕೇ ಮುಗೀಲಿಲ್ಲ. ಫೈಲ್ ಚಾರ್ಜು, ಅದರ ಮೇಲೆ ಜಿಎಸ್‌ಟಿ, ಇನ್ಶೂರೆನ್ಸು ಅಂತ 2,500 ಮೊದ್ಲೇ ಹಿಡ್ಕೊಂಡು ಕೊಟ್ಟಿದ್ದು 47,500. ಕೈಗೆ ಬಂದಿರೋ ದುಡ್ಡಿನ ಮೇಲೆ ಲೆಕ್ಕ ಹಾಕಿದ್ರೆ ವರ್ಷಕ್ಕೆ ಶೇ 27. ನಾನು ಮೂರು ಸಲ ಹಾಕಿ ನೋಡಿದೆ, ಅದೇ ಬಂತು.

ಕಂಪ್ಯೂಟರ್ ಇಲ್ದಿದ್ರೆ ಅಂದಾಜಿಗೆ ಫ್ಲಾಟ್ ರೇಟನ್ನ 1.8ರಿಂದ ಗುಣಿಸಿ, ಹತ್ರ ಹತ್ರ ಸಿಗುತ್ತೆ. ಕೈಸಾಲದ "ಮೂರು ರೂಪಾಯಿ ಬಡ್ಡಿ" ಅಂದ್ರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ 36. ಕ್ರೆಡಿಟ್ ಕಾರ್ಡಲ್ಲಿ ಮಿನಿಮಮ್ ಡ್ಯೂ ಕಟ್ಕೊಂಡು ಹೋಗೋ ಪೇಟೆ ಹುಡುಗರು ನಗ್ಬೇಡಿ, ನಿಮ್ದು ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಇರುತ್ತೆ.

ಈಗ ತಪ್ಪು ಯಾರ್ದು? 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಕಾಗದ ಕೊಡ್ಲೇಬೇಕು ಅಂತ ಆರ್‌ಬಿಐ ಮಾಡಿದೆ. ಅದ್ರಲ್ಲಿ ಎಲ್ಲಾ ಚಾರ್ಜು ಸೇರಿಸಿ ವಾರ್ಷಿಕ ದರ, ಎಪಿಆರ್ ಅಂತ, ಇರ್ಬೇಕು, ತಗೊಳೋರಿಗೆ ಅರ್ಥ ಆಗೋ ಭಾಷೇಲಿ ಇರ್ಬೇಕು, ವಿವರಿಸಿ ಹೇಳಿರ್ಬೇಕು, ಅದ್ರಲ್ಲಿಲ್ಲದ ಚಾರ್ಜನ್ನ ನಿಮ್ಮ ಒಪ್ಪಿಗೆ ಇಲ್ದೆ ಹಾಕೋಹಂಗಿಲ್ಲ. ಡಬ್ಬದಲ್ಲಿ ಆ ಕಾಗದ ಇಲ್ಲ, ಅಥವಾ ಇಂಗ್ಲಿಷಲ್ಲಿದೆ ಅಂದ್ರೆ ಈ ತಪ್ಪು ಕೊಟ್ಟೋರ್ದು, ಅನುಮಾನವೇ ಬೇಡ. ಕನ್ನಡದಲ್ಲಿತ್ತು, ಶೇ 27 ಅಂತ ಬರೆದಿತ್ತು, ಓದದೇ ಸೈನ್ ಹಾಕಿದ್ವಿ ಅಂದ್ರೆ ನಮ್ದು. ಅತ್ತೆದು ಇಂಗ್ಲಿಷಲ್ಲಿತ್ತು, ಪುಟ ಪುಟಕ್ಕೂ ಅವರ ಕನ್ನಡ ಸಹಿ.

ಬಡ್ಡಿ ಇಷ್ಟೇ ಇರ್ಬೇಕು ಅಂತ ಮಿತಿ ಇಲ್ವಾ ಅಂತ ಕೇಳ್ತಾರೆ. ಮೈಕ್ರೋಫೈನಾನ್ಸ್‌ಗೆ, ಅಂದ್ರೆ ಕಮ್ಮಿ ಆದಾಯದ ಮನೆಗಳಿಗೆ ಅಡಮಾನ ಇಲ್ದೆ ಕೊಡೋ ಸಾಲಕ್ಕೆ, ಇತ್ತು. 2010ರಲ್ಲಿ ಆಂಧ್ರದಲ್ಲಿ ದೊಡ್ಡ ಗಲಾಟೆ ಆದ್ಮೇಲೆ ಬಂದಿದ್ದು, 2022ರಲ್ಲಿ ಆರ್‌ಬಿಐನೇ ತೆಗೆದುಬಿಡ್ತು, ಈಗ ಅವರವರೇ ನಿಗದಿ ಮಾಡ್ಕೋತಾರೆ. ನನ್ನ ಪ್ರಕಾರ ಅದು ಅವಸರ ಆಯ್ತು, ಇರ್ಲಿ.

ಆದಾಯ ಅಂತ ಬರೆದಿದ್ದು ಯಾರು?

ಇದು ಮುಖ್ಯ, ಇಲ್ಲಿ ನಿಧಾನಕ್ಕೆ ನೋಡಿ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಮನೆಗೆ ಅಡಮಾನ ಇಲ್ದೆ ಕೊಡೋ ಸಾಲವೇ ಮೈಕ್ರೋಫೈನಾನ್ಸ್ ಸಾಲ. 2022ರ ನಿಯಮದ ಪ್ರಕಾರ ಆ ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟ್ಬಾರ್ದು, ದಾಟೋ ಹಂಗಿದ್ರೆ ಹೊಸ ಸಾಲ ಕೊಡ್ಬಾರ್ದು. ನೋಡ್ಕೋಬೇಕಾಗಿರೋದು ಕೊಡೋರು.

ಅತ್ತೆ ಮನೆ ಕಂತು ಶೀಟಿನ ಸಾಲದ್ದು 2,583, ಎರಡು ಸಂಘದ್ದು 3,033, 3,900, ಒಟ್ಟು 9,516. ಎಸ್ಟೇಟ್ ಕೂಲಿ, ಮಗ ಬಾಡಿಗೆ ಆಟೋ ಓಡ್ಸೋದು ಎಲ್ಲಾ ಸೇರಿ ವರ್ಷದ ಸರಾಸರಿ ತಿಂಗಳಿಗೆ 18,000, ಅರ್ಧ ಅಂದ್ರೆ 9,000. ಅಂದ್ರೆ ಎರಡನೇ ಸಂಘದ ಸಾಲ ಸಿಗ್ಲೇಬಾರ್ದಿತ್ತು. ಫಾರಂ ತೆಗೆದು ನೋಡಿದ್ರೆ ಆದಾಯದ ಜಾಗದಲ್ಲಿ 24,000 ಅಂತಿದೆ.

"ಇದ್ಯಾರತ್ತೆ ಬರೆದಿದ್ದು?"

"ಆ ಹುಡ್ಗನೇ ಬರ್ಕಂಡ. ಇಷ್ಟಿಲ್ದಿದ್ರೆ ಪಾಸಾಗಲ್ಲ ಅಮ್ಮ ಅಂದ. ನಾನೂ ಹೂಂ ಅಂದೆ."

"ಕೈಸಾಲ ಇರೋದು ಹೇಳಿದ್ರಾ?"

"ಅದ್ಯಾಕೆ ಹೇಳಾನ, ಅದು ಊರೊಳಗಿನ ವಿಷ್ಯ."

ಟಾರ್ಗೆಟ್ ಮುಟ್ಟಿಸ್ಬೇಕಾದ ಹುಡ್ಗ ನಂಬರ್ ಏರಿಸ್ದ, ದುಡ್ಡು ಬೇಕಾಗಿದ್ದ ಅತ್ತೆ ತಲೆ ಆಡ್ಸಿದ್ರು, ಕೈಸಾಲದ 1,200 ಬಡ್ಡಿ ಯಾವ ರಿಪೋರ್ಟಲ್ಲೂ ಕಾಣ್ಲಿಲ್ಲ. ಅದೂ ಸೇರಿದ್ರೆ 10,716, ಮನೆ ನಡ್ಸೋಕೆ ಉಳಿಯೋದು 7,284. ಇಬ್ರೂ ಸುಳ್ಳು ಹೇಳಿದ್ದು ನಿಜ, ಆದ್ರೆ ಲೆಕ್ಕ ಪರೀಕ್ಷೆ ಮಾಡೋದು ಒಬ್ರ ಉದ್ಯೋಗ, ಸಂಬಳ ತಗೊಳೋದೇ ಅದಕ್ಕೆ. ಹಂಗಾಗಿ ನಾನು ಅವ್ರ ಕಡೆ ಒಂದು ಪಾಲು ಜಾಸ್ತಿನೇ ಹಾಕ್ದೆ, ಮಾವ ಒಪ್ಲಿಲ್ಲ.

ಕಂತಿನ ವಾರ, ಬಟವಾಡೆ ವಾರ

ಕಂತು ವರ್ಷಪೂರ್ತಿ ಒಂದೇ ಸಮ. ನಮ್ಮ ಕಡೆ ದುಡ್ಡು ಹಂಗೆ ಬರಲ್ಲ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಲಿ ಬಟವಾಡೆ ದಿನ ಸಕಲೇಶಪುರದ ಪೇಟೆ ನೋಡಿ, ಜುಲೈ ಮಳೇಲಿ ಅದೇ ಪೇಟೆ ನೋಡಿ. ಆಲೂಗಡ್ಡೆ ಮುಂಗಾರಿಗೆ ಬಿತ್ತಿದ್ರೆ ದುಡ್ಡು ಕಾಣೋದು ಕಿತ್ತ ಮೇಲೆ, ಅದೂ ಅಂಗಮಾರಿ ರೋಗ ಬೀಳ್ದಿದ್ರೆ, ರೇಟ್ ಇದ್ರೆ. ಹಂಗಾಗಿ ಒಂದು ಕ್ಯಾಲೆಂಡರ್ ತಗೊಂಡು ದುಡ್ಡು ಬರೋ ತಿಂಗಳಿಗೆ ಒಂದು ಬಣ್ಣ, ಬರದಿರೋ ತಿಂಗಳಿಗೆ ಇನ್ನೊಂದು ಬಣ್ಣ ಹಚ್ಚಿ. ಅತ್ತೆ ತಪ್ಪಿಸಿದ ಕಂತು ಎಲ್ಲಾ ಜೂನ್‌ನಿಂದ ಆಗಸ್ಟ್ ಒಳಗೇ ಇತ್ತು, ಒಂದೂ ಆಚೆಗಿಲ್ಲ. ಇದನ್ನ ಸೋಮಾರಿತನ ಅನ್ನೋಕಾಗುತ್ತಾ?

ಇಲ್ಲೊಂದು ಮಾತು ಹೇಳ್ಬೇಕು. ಸಹಕಾರ ಸಂಘದಲ್ಲಿ ರೈತರಿಗೆ 5 ಲಕ್ಷದವರೆಗೆ ಬಡ್ಡಿ ಇಲ್ದಿರೋ ಬೆಳೆ ಸಾಲ ಇದೆ ನಮ್ಮ ರಾಜ್ಯದಲ್ಲಿ, ಮತ್ತೆ ಬಿತ್ತನೆಗೆ ಮೂರು ರೂಪಾಯಿ ಬಡ್ಡಿಗೆ ಯಾಕೆ ಹೋದ್ರಿ ಅಂದೆ. ಪಹಣಿ ಇನ್ನೂ ತೀರ್ಕೊಂಡಿರೋ ಮಾವನ ಅಪ್ಪನ ಹೆಸರಲ್ಲಿದೆ, ಪೌತಿ ಖಾತೆ, ಅಂದ್ರೆ ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ, ಅಣ್ತಮ್ಮಂದಿರ ಸಹಿ ಕೂಡಿಲ್ಲ, ಸೊಸೈಟಿಲಿ ಕೊಡಲ್ಲ ಅಂದ್ರಂತೆ. ಆ 40,000ದ ತಪ್ಪನ್ನ ಎಲ್ಲಿ ಬರೀಲಿ ಅಂತ ಗೊತ್ತಾಗ್ದೆ ಪೆನ್ ಹಿಡ್ಕೊಂಡು ಕೂತೆ. ಮಾವ ಆಗ ಮಾತಾಡ್ಲಿಲ್ಲ.

ನಾವೇ ಮಾಡ್ಕೊಂಡಿದ್ದು

ಎರಡನೇ ಸಂಘದ ಸಾಲದ ಮುಂದೆ "ಯಾತಕ್ಕೆ" ಅನ್ನೋ ಜಾಗ ಖಾಲಿ ಬಿಟ್ಟಿದ್ರು. ಕೇಳಿ ಕೇಳಿ ಕೊನೆಗೆ ಹೇಳಿದ್ರು, ಅದು ಪಕ್ಕದ ಮನೆಯೋರಿಗೆ, ಇವರ ಹೆಸರಲ್ಲಿ ತೆಗೆದುಕೊಟ್ಟಿದ್ದು. ಅವ್ರು ಮೂರು ತಿಂಗಳು ಕಟ್ಟಿ ನಿಲ್ಲಿಸಿಬಿಟ್ಟಿದ್ರು. ಇದಕ್ಕೆ ಯಾವ ಕಾನೂನೂ ಬರಲ್ಲ ಕಣ್ರೀ, ಹೆಸರು ಯಾರ್ದೋ ಸಾಲ ಅವ್ರದ್ದೇ. ಜಾಮೀನೂ ಅಷ್ಟೇ, 1872ರ ಕಾಂಟ್ರ್ಯಾಕ್ಟ್ ಕಾಯ್ದೆ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ನಾನೂ ಒಬ್ಬ ಫ್ರೆಂಡ್ ಬೈಕಿಗೆ ಸೈನ್ ಹಾಕಿ ಹನ್ನೊಂದು ಕಂತು ಕಟ್ಟಿದೀನಿ, ಬೈಕ್ ಮೇಲೆ ಒಂದಿನವೂ ಕೂತಿಲ್ಲ. ಮಾಡ್ಬೇಕಾಗಿದ್ದು ಒಂದೇ, ಪಕ್ಕದ ಮನೆಯೋರಿಂದ ಇಷ್ಟು ಬಾಕಿ ಇದೆ ಅಂತ ಬರೆಸ್ಕೊಂಡು, ವಾರವಾರ ಫೋನ್‌ಪೇಲೋ ಗೂಗಲ್‌ಪೇಲೋ ಹಾಕ್ಸಿಕೊಳೋದು, ದಾಖಲೆ ಉಳಿಯುತ್ತೆ.

ನಮ್ಮ ಪಾಲಿನ ತಪ್ಪಿಗೆ ಬೇರೆ ದಾರಿ ಏನಂದ್ರೆ ಜಾಸ್ತಿ ಬಡ್ಡಿದು ಮೊದ್ಲು ಮುಗಿಸಿ, ಇಲ್ಲಿ 36ರದ್ದು. ಬ್ಯಾಂಕಲ್ಲಿ ಒಡವೆ ಇಟ್ಟು ತೀರ್ಸಿದ್ರೂ ಲಾಭನೇ, ಆದ್ರೆ ಬಿಡಿಸ್ಕೊಳೋ ತಿಂಗಳು ಮೊದ್ಲೇ ಗೊತ್ತಿದ್ರೆ ಮಾತ್ರ. ಮೈಕ್ರೋಫೈನಾನ್ಸ್ ಸಾಲ ಮುಂಚೆನೇ ತೀರಿಸಿದ್ರೆ ದಂಡ ಹಾಕೋ ಹಂಗಿಲ್ಲ. ಕಂತು ತಪ್ಪೋ ಮುಂಚೆನೇ "ಮಳೆಗಾಲ ಮುಗಿಯೋವರೆಗೆ ಕಂತು ಕಮ್ಮಿ ಮಾಡಿ" ಅಂತ ಅರ್ಜಿ ಬರೆದುಕೊಡಿ. ಒಪ್ಪಲೇಬೇಕು ಅಂತ ಇಲ್ಲ, ಆದ್ರೂ ಕಾಗದದಲ್ಲಿ ಕೊಟ್ಟು ಸೀಲ್ ಹಾಕ್ಸಿಕೊಳಿ.

ವಸೂಲಿಗೆ ಬಂದಾಗ

ಇಲ್ಲಿ ತಪ್ಪಿನ ಲೆಕ್ಕ ಸುಲಭ. ಸಾಲ ಬಾಕಿ ಇರೋದು ನಮ್ಮ ತಪ್ಪೇ ಇರ್ಬಹುದು, ಮನೆ ಮುಂದೆ ನಿಂತು ಕೂಗಾಡೋದು ಯಾವತ್ತಿದ್ರೂ ಅವ್ರ ತಪ್ಪೇ. ಮೈಕ್ರೋಫೈನಾನ್ಸ್‌ನೋರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6 ಆದ್ಮೇಲೆ ಫೋನ್ ಮಾಡೋ ಹಂಗಿಲ್ಲ. ಬೈಯೋದು, ನೆಂಟರಿಗೆ ಫೋನ್ ಮಾಡೋದು, ಬಾಗಿಲಿಗೆ ಬರೆಯೋದು ಯಾವುದೂ ಇಲ್ಲ. ತಡ ಆದ್ರೆ ದಂಡ ಬಾಕಿ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ.

2025ರ ಫೆಬ್ರವರಿಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಸುಗ್ರೀವಾಜ್ಞೆ ತಂತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆವಾಗ ಸಂಘಗಳಲ್ಲಿ "ಇನ್ಮೇಲೆ ಕಟ್ಟಂಗಿಲ್ವಂತೆ" ಅಂತ ಸುದ್ದಿ ಹಬ್ಬಿ ಎಷ್ಟೋ ಜನ ಕಂತು ನಿಲ್ಲಿಸಿ ಇನ್ನೂ ಸಿಕ್ಕಾಕೊಂಡ್ರು. ಹಂಗಿಲ್ಲ. ನೋಂದಣಿ ಇಲ್ದೆ, ಲೈಸೆನ್ಸ್ ಇಲ್ದೆ ಬಡವರಿಗೆ ಕೊಟ್ಟಿರೋ ಸಾಲದ ವಿಷ್ಯ ಬೇರೆ, ಆರ್‌ಬಿಐನಲ್ಲಿ ನೋಂದಣಿ ಆಗಿರೋ ಕಂಪನಿ ಸಾಲ ಮನ್ನಾ ಆಗಿಲ್ಲ. ನಿಂತಿರೋದು ದೌರ್ಜನ್ಯ, ಸಾಲ ಅಲ್ಲ. ಮತ್ತೆ ಕೈಸಾಲಕ್ಕೆ ಖಾಲಿ ಚೆಕ್ ಸೈನ್ ಮಾಡಿ ಕೊಟ್ಟಿದ್ರೆ ಮೊದ್ಲು ಅದನ್ನ ವಾಪಸ್ ಕೇಳಿ, ಚೆಕ್ ಬೌನ್ಸ್ ಕೇಸು ಎರಡು ವರ್ಷದವರೆಗೆ ಜೈಲಿನದ್ದು.

ಕಂಪ್ಲೇಂಟ್ ಕೊಡೋದು

ಮೊದ್ಲು ಕಂಪನಿಗೇ ಬರೀರಿ, ಕಂತಿನ ಕಾರ್ಡಲ್ಲಿ ದೂರಿನ ನಂಬರ್ ಇರುತ್ತೆ. 30 ದಿನದಲ್ಲಿ ಉತ್ತರ ಬರ್ದಿದ್ರೆ ಅಥವಾ ಉತ್ತರ ಸರಿ ಇಲ್ದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ, ಅಂದ್ರೆ ಇಂಥ ದೂರು ಕೇಳೋ ಅಧಿಕಾರಿಗೆ, ಖರ್ಚಿಲ್ಲ, 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ. ದೌರ್ಜನ್ಯ ಆದ್ರೆ 30 ದಿನ ಕಾಯ್ಬೇಡಿ, ನೇರ ಪೊಲೀಸ್ ಸ್ಟೇಷನ್. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಫ್ರೀ, ನಂಬರ್ 15100. ಮೊಬೈಲ್ ಆ್ಯಪ್‌ನೋರು ಕಾಂಟ್ಯಾಕ್ಟ್ ಲಿಸ್ಟ್, ಫೋಟೋ ತೆಗೆದು ಹೆದರಿಸ್ತಿದ್ರೆ ಸೈಬರ್ ದೂರಿನ ನಂಬರ್ 1930.

ಅತ್ತೆ ಪರವಾಗಿ ಎರಡು ಕಾಗದ ಬರೆದ್ವಿ. ಒಂದು ಫೈನಾನ್ಸ್‌ಗೆ, ಕನ್ನಡದಲ್ಲಿ ಎಪಿಆರ್ ಕಾಗದ ಕೊಡಿ, ಹಿಡ್ಕೊಂಡ 2,500ರ ಲೆಕ್ಕ ಕೊಡಿ ಅಂತ. ಇನ್ನೊಂದು ಪೌತಿ ಖಾತೆಗೆ, ಅದಕ್ಕೆ ಮಾವನೇ ಪೆನ್ ತಗೊಂಡ್ರು. ಬುಧವಾರ ಕಂತಿನ ಹುಡ್ಗ ಬಂದಾಗ ಅತ್ತೆ ಜಗಲಿಗೆ ಬಂದು, "ಕೂತ್ಕ ಮಗ, ಕಾಫಿ ಕುಡಿ. ನನ್ನ ಸಂಪಾದ್ನೆ ಎಷ್ಟು ಅಂತ ನೀನು ಬರ್ಕಂಡಿದ್ಯಲ್ಲ, ಇನ್ನೊಂದ್ಸಾರಿ ಓದು ನೋಡಾನ" ಅಂದ್ರಂತೆ. ಅವ್ನು ಕಾಫಿ ಕುಡೀದೇ ಹೋದ್ನಂತೆ.