ಸೆಕೆಂಡ್ ಹ್ಯಾಂಡ್ ಕಾರಿಗೆ ಟೋಕನ್ ಕೊಡೋ ಮುಂಚೆ ಇಷ್ಟು ಮಾಡ್ಕೊಳ್ಳಿ

ನಮ್ಮ ಭಾವ ಹಾಸನದಿಂದ ಬೆಂಗಳೂರಿಗೆ ಒಂದು ಭಾನುವಾರ ಕಾರು ನೋಡೋಕೆ ಅಂತ ಬಂದ್ರು. 4 ಲಕ್ಷದ 60 ಸಾವಿರ ಹೇಳ್ತಿದ್ರು, ಗಾಡಿ ನೀಟಾಗಿತ್ತು, ಅಕ್ಕನಿಗೂ ಕಲರ್ ಇಷ್ಟ ಆಯ್ತು. ಶೋರೂಮಿನವನು "ಸಾಯಂಕಾಲ ಇನ್ನೊಂದು ಪಾರ್ಟಿ ಬರ್ತಾ ಇದೆ ಸಾರ್, ಬೇಕು ಅಂದ್ರೆ ಈಗ್ಲೇ ಟೋಕನ್ ಹಾಕ್ಬಿಡಿ" ಅಂದ, ಭಾವ ನಿಂತ ಜಾಗದಲ್ಲೇ 50 ಸಾವಿರ ಫೋನಲ್ಲಿ ಕಳ್ಸಿಬಿಟ್ರು. ಊರಿಗೆ ಹೋಗಿ ನಂಬರ್ ಹಾಕಿ ನೋಡಿದ್ರೆ ಗಾಡಿ ಮೇಲೆ ಇನ್ನೂ ಫೈನಾನ್ಸ್ ಸಾಲ ಇದೆ. ಬೇಡ ಅಂದ್ರೆ ರಸೀದಿ ಹಿಂದುಗಡೆ ಸಣ್ಣ ಅಕ್ಷರದಲ್ಲಿ "ಅಡ್ವಾನ್ಸ್ ವಾಪಸ್ ಕೊಡಲಾಗುವುದಿಲ್ಲ" ಅಂತ ಪ್ರಿಂಟ್ ಆಗಿರೋದು ತೋರ್ಸಿದ್ರು. ಆ ದುಡ್ಡಿಗೆ ಅವರು ಪಟ್ಟ ಪಾಡು ನಾನು ಕಣ್ಣಾರೆ ನೋಡಿದೀನಿ, ಅದಕ್ಕೇ ಇದನ್ನ ಬರೀತಾ ಇರೋದು.

ಮೊದಲು ಒಂದು ವಿಷಯ, ಅಡ್ವಾನ್ಸ್ ಬೇರೆ ಸಂಚಕಾರ ಬೇರೆ

ನಮ್ಮ ಹಳ್ಳಿಗಳಲ್ಲಿ ದನದ ವ್ಯಾಪಾರ, ಜಮೀನಿನ ವ್ಯಾಪಾರಕ್ಕೆ ಸಂಚಕಾರ ಕೊಡೋದು ಅಂತಾರಲ್ಲ, ಅದು ಮಾತು ಉಳಿಸ್ಕೊಳ್ತೀನಿ ಅನ್ನೋದಕ್ಕೆ ಇಡೋ ದುಡ್ಡು, ಕೊಳ್ಳೋನು ಸುಮ್ನೆ ಹಿಂದೆ ಸರಿದ್ರೆ ಅದು ಹೋಯ್ತು. ಅಡ್ವಾನ್ಸ್ ಅಂದ್ರೆ ಒಟ್ಟು ರೇಟಿನಲ್ಲಿ ಒಂದು ಭಾಗನ ಮುಂಚೆ ಕೊಡೋದು ಅಷ್ಟೇ. ಕೋರ್ಟುಗಳು ಇವೆರಡನ್ನ ಬೇರೆ ಬೇರೆ ಅಂತಲೇ ನೋಡ್ತವೆ. ಇನ್ನು ಒಪ್ಪಂದದಲ್ಲಿ ಮುಟ್ಟುಗೋಲು ಅಂತ ಬರೆದಿದ್ರೂ ಪೂರ್ತಿ ಇಟ್ಕೊಳ್ಳೋ ಹಕ್ಕು ತಾನಾಗೇ ಬಂದುಬಿಡಲ್ಲ, 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗೋದು ನ್ಯಾಯವಾದ ಪರಿಹಾರ ಮಾತ್ರ, ನಷ್ಟವೇ ಆಗಿಲ್ಲ ಅಂದ್ರೆ ಪರಿಹಾರ ಯಾವುದಕ್ಕೆ ಅಂತ 2015ರ ಕೈಲಾಶ್ ನಾಥ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಪ್ಪು ಮಾರೋನದ್ದೇ ಆಗಿದ್ರೆ, ಅಂದ್ರೆ ಸಾಲ ಮುಚ್ಚಿಟ್ಟಿದ್ರೆ, ಪೇಪರ್ ಕೊಡೋಕೆ ಆಗ್ದಿದ್ರೆ, ದುಡ್ಡು ಇಟ್ಕೊಳ್ಳೋಕೆ ಅವನಿಗೆ ದಾರಿ ಇನ್ನೂ ಕಮ್ಮಿ. ಆದ್ರೆ ಇದನ್ನ ಕೋರ್ಟಲ್ಲಿ ಸಾಬೀತು ಮಾಡೋ ಹೊತ್ತಿಗೆ ಚಪ್ಪಲಿ ಸವೆದಿರತ್ತೆ. ಅದಕ್ಕೇ ದುಡ್ಡು ಕೈಬಿಡೋ ಮುಂಚಿನ ಅರ್ಧ ಗಂಟೆಯೇ ಮುಖ್ಯ.

1. ಗಾಡಿ ನಂಬರ್ ಹಾಕಿ ನೋಡಿ

ಗಾಡಿ ನೋಡೋಕೆ ಹೊರಡೋ ಮುಂಚೆಯೇ ನಂಬರ್ ಇಸ್ಕೊಳ್ಳಿ, ಸರ್ಕಾರದ ಎಂಪರಿವಾಹನ್ ಆಪಲ್ಲಿ ಹಾಕಿ. ಯಾವ ಆರ್‌ಟಿಒ, ಯಾವಾಗ ರಿಜಿಸ್ಟರ್ ಆಗಿದ್ದು, ಇನ್ಶೂರೆನ್ಸ್ ಎಲ್ಲಿವರೆಗೆ, ಸಾಲ ಇದ್ಯಾ, ಬ್ಲ್ಯಾಕ್‌ಲಿಸ್ಟ್ ಆಗಿದ್ಯಾ ಎಲ್ಲಾ ಬರತ್ತೆ. ಓನರ್ ಹೆಸರು ಪೂರ್ತಿ ಕಾಣಲ್ಲ, ಅಲ್ಲಲ್ಲಿ ನಕ್ಷತ್ರ ಇರತ್ತೆ, ಹಾಗಾಗಿ ಒರಿಜಿನಲ್ ಆರ್‌ಸಿ ಕಾರ್ಡು ಮತ್ತೆ ಓನರ್ ಐಡಿ ಎರಡನ್ನೂ ಕೈಯಲ್ಲಿ ಹಿಡಿದು ನೋಡ್ಲೇಬೇಕು, ವಾಟ್ಸಾಪ್ ಫೋಟೋ ನಡೆಯಲ್ಲ. ಚಾಸಿ ನಂಬರ್ ಗಾಡಿ ಮೇಲೆ ಕೊರೆದಿರೋದು, ಆರ್‌ಸಿಲಿ ಇರೋದು ಒಂದೇನಾ ಅಂತ ಅಕ್ಷರ ಅಕ್ಷರ ತಾಳೆ ಹಾಕಿ. ಟ್ರಾಫಿಕ್ ಫೈನ್ ಎಷ್ಟು ಬಾಕಿ ಇದೆ ಅಂತ ಚಲನ್ ವೆಬ್‌ಸೈಟಲ್ಲಿ ನೋಡಿ, ಬೆಂಗಳೂರು ಗಾಡಿಗಳಲ್ಲಿ ಇದು ಕೆಲವು ಸಲ ದೊಡ್ಡ ಮೊತ್ತವೇ ಇರತ್ತೆ.

ಸಾಲ ಇದ್ರೆ ಗಾಡಿ ಬಿಡ್ಬೇಕು ಅಂತೇನಿಲ್ಲ. ಸಾಲ ತೀರಿದ್ರೆ ಬ್ಯಾಂಕ್ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ಮತ್ತೆ ಫಾರಂ 35 ಕೊಡತ್ತೆ, ಅದನ್ನ ಆರ್‌ಟಿಒಗೆ ಕೊಟ್ಟು ಆರ್‌ಸಿಯಿಂದ ಸಾಲ ಕೊಟ್ಟ ಬ್ಯಾಂಕಿನ ಹೆಸರು ತೆಗೆಸ್ಬೇಕು. "ಸಾಲ ತೀರಿದೆ ಸಾರ್, ಪೇಪರ್ ಮಾತ್ರ ಬರ್ಬೇಕು" ಅಂದ್ರೆ ಪೇಪರ್ ಬಂದ ದಿನ ಟೋಕನ್ ಕೊಡ್ತೀನಿ ಅನ್ನಿ.

2. ದುಡ್ಡು ಯಾರ ಕೈಗೆ ಹೋಗ್ತಾ ಇದೆ?

ಮಾರ್ತಾ ಇರೋದು ಓನರಾ, ಡೀಲರಾ, ಮಧ್ಯದ ಬ್ರೋಕರಾ ಅಂತ ನೇರವಾಗಿ ಕೇಳಿ. ಓನರ್ ಆದ್ರೆ ಆರ್‌ಸಿಯಲ್ಲಿ ಇರೋ ಹೆಸರಿನ ಅಕೌಂಟಿಗೇ ದುಡ್ಡು ಹೋಗ್ಬೇಕು, ಯುಪಿಐ ಹಾಕ್ದಾಗ ಬ್ಯಾಂಕಲ್ಲಿರೋ ಹೆಸರು ತೋರ್ಸತ್ತಲ್ಲ, ಅದನ್ನ ನೋಡದೆ ಪಿನ್ ಒತ್ತಬೇಡಿ. "ನನ್ ತಮ್ಮನ ನಂಬರಿಗೆ ಹಾಕಿ, ನನ್ ಫೋನ್ ಸರಿ ಇಲ್ಲ" ಅಂದ್ರೆ ಅಲ್ಲೇ ನಿಲ್ಸಿ. ಬ್ರೋಕರ್ ಕಮಿಷನ್ ಏನಿದ್ರೂ ಕೊನೆಗೆ ಬೇರೆ ಕೊಡಿ, ಟೋಕನ್ ಅವನ ಅಕೌಂಟಿಗೆ ಬೇಡವೇ ಬೇಡ.

ಡೀಲರ್ ಆದ್ರೆ ಇದು ಬಹಳ ಜನಕ್ಕೆ ಗೊತ್ತೇ ಇಲ್ಲ: 2023ರ ಏಪ್ರಿಲ್ 1ರಿಂದ ಸೆಕೆಂಡ್ ಹ್ಯಾಂಡ್ ಗಾಡಿ ಡೀಲರಿಗೆ ಆರ್‌ಟಿಒ ಕೊಡೋ ಆಥರೈಸೇಶನ್ ಸರ್ಟಿಫಿಕೇಟ್ ಇರ್ಬೇಕು, ಅದು ಫಾರಂ 29ಬಿ. ಓನರ್ ಗಾಡಿನ ಡೀಲರ್ ಕೈಗೆ ಒಪ್ಸಿದಾಗ ಫಾರಂ 29ಸಿ ಮೂಲಕ ಆರ್‌ಟಿಒಗೆ ತಿಳಿಸ್ಬೇಕು. ಈ ಎರಡನ್ನೂ ತೋರ್ಸಿ ಅಂತ ಕೇಳೋದ್ರಲ್ಲಿ ನಾಚಿಕೆ ಪಡೋ ವಿಷಯ ಏನೂ ಇಲ್ಲ. ಭಾವ ಇದನ್ನ ಕೇಳಿದ್ದಿದ್ರೆ ಡೀಲರ್ ಎಂಥವನು ಅಂತ ಅವತ್ತೇ ಗೊತ್ತಾಗ್ತಿತ್ತು.

ಇನ್ನು ಆನ್‌ಲೈನ್ ಆಡ್ ನೋಡಿ ಫೋನ್ ಮಾಡಿದ್ರೆ "ನಾನು ಆರ್ಮಿಲಿ ಇದೀನಿ, ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟ್ ಕೊಡ್ತಾ ಇದೀನಿ" ಅಂತ ಯೂನಿಫಾರಂ ಫೋಟೋ, ಐಡಿ ಕಾರ್ಡ್ ಕಳ್ಸಿ, ಗಾಡಿ ಕಳ್ಸೋಕೆ ಸಾಗಾಟದ ಚಾರ್ಜ್ ಹಾಕಿ ಅನ್ನೋರು ವರ್ಷಗಳಿಂದ ಇದಾರೆ. ಆ ಗಾಡಿ ಇರೋದೇ ಇಲ್ಲ. ಕಣ್ಣಲ್ಲಿ ನೋಡದ, ಸ್ಟಾರ್ಟ್ ಮಾಡದ ಗಾಡಿಗೆ ಒಂದು ರೂಪಾಯಿನೂ ಹಾಕ್ಬೇಡಿ. ದುಡ್ಡು ವಾಪಸ್ ಕಳಿಸ್ತೀನಿ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ್ರೂ ನಂಬಬೇಡಿ, ದುಡ್ಡು ಬರೋಕೆ ಪಿನ್ ಬೇಕಾಗಲ್ಲ.

3. ಎಷ್ಟು ಕೊಡ್ಬೇಕು

ನನ್ನ ಪ್ರಕಾರ ಐದು ಲಕ್ಷದ ಕಾರಿಗೆ 5 ಸಾವಿರ ಸಾಕು, ತುಂಬಾ ಹಠ ಮಾಡಿದ್ರೆ 10. ಅದಕ್ಕಿಂತ ಜಾಸ್ತಿ ಕೇಳೋನು ನಿಮ್ಮನ್ನ ಕಟ್ಟಿ ಹಾಕೋಕೆ ಕೇಳ್ತಾ ಇದಾನೆ ಅಂತ ತಿಳ್ಕೊಳ್ಳಿ. ಕ್ಯಾಶ್ ಬೇಡ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋಹಾಗಿಲ್ಲ ಅಂತ 2017ರಿಂದಲೇ ಇನ್‌ಕಮ್ ಟ್ಯಾಕ್ಸ್ ನಿಯಮ ಇದೆ. ಯುಪಿಐ ನೋಟ್ ಜಾಗದಲ್ಲಿ ಗಾಡಿ ನಂಬರ್ ಹಾಕಿ "ಅಡ್ವಾನ್ಸ್" ಅಂತ ಬರೀರಿ, ನಾಳೆ ಕೈಸಾಲ ಅಂತ ಯಾರೂ ಹೇಳೋಕೆ ಆಗಬಾರದು.

4. ರಸೀದಿ, ಇದೇ ಎಲ್ಲಕ್ಕಿಂತ ದೊಡ್ಡದು

ಬಿಳಿ ಹಾಳೆ ಮೇಲೆ ಕನ್ನಡದಲ್ಲಿ ಕೈಯಲ್ಲಿ ಬರೆದ್ರೂ ಪರವಾಗಿಲ್ಲ, ಇಬ್ಬರೂ ಸೈನ್ ಹಾಕಿರ್ಬೇಕು. 5 ಸಾವಿರ ದಾಟಿದ್ರೆ ಒಂದು ರೂಪಾಯಿ ರೆವೆನ್ಯೂ ಸ್ಟ್ಯಾಂಪ್ ಹಚ್ಚಿ ಅದರ ಮೇಲೆ ಸೈನ್ ಮಾಡ್ಸಿ. ನಾನು ಈಗ ಎಲ್ಲರಿಗೂ ಹೀಗೆ ಬರ್ಕೊಡ್ತೀನಿ:

"ಈ ದಿನ ಇಂಥ ತಾರೀಕು, ಇಂಥ ನಂಬರಿನ ಕಾರಿನ ಒಟ್ಟು ಬೆಲೆ ಇಷ್ಟು ಎಂದು ಮಾತಾಗಿ, ಅದರಲ್ಲಿ ಇಷ್ಟು ರೂಪಾಯಿ ಮುಂಗಡವಾಗಿ ಯುಪಿಐ ಮೂಲಕ ಪಡೆದಿದ್ದೇನೆ. 7 ದಿನದವರೆಗೆ ಕಾರನ್ನು ಬೇರೆಯವರಿಗೆ ಮಾರುವುದಿಲ್ಲ. ಕಾರಿನ ಮೇಲೆ ಸಾಲ, ಕೇಸು, ಬಾಕಿ ದಂಡ ಕಂಡುಬಂದರೆ, ಮೆಕ್ಯಾನಿಕ್ ಪರೀಕ್ಷೆಯಲ್ಲಿ ಆಕ್ಸಿಡೆಂಟ್ ಅಥವಾ ನೀರಲ್ಲಿ ಮುಳುಗಿದ ಗುರುತು ಸಿಕ್ಕರೆ, ಕೊಳ್ಳುವವರಿಗೆ ಬ್ಯಾಂಕ್ ಲೋನ್ ಮಂಜೂರಾಗದಿದ್ದರೆ, ಮುಂಗಡ ಪೂರ್ತಿಯಾಗಿ 3 ದಿನದೊಳಗೆ ಅದೇ ಅಕೌಂಟಿಗೆ ವಾಪಸ್ ಮಾಡುತ್ತೇನೆ. ಕಾರಣವಿಲ್ಲದೆ ಕೊಳ್ಳುವವರು ಬೇಡ ಎಂದರೆ 1 ಸಾವಿರ ಮಾತ್ರ ಹಿಡಿದುಕೊಳ್ಳುತ್ತೇನೆ."

ಕೊನೇ ಸಾಲು ಬೇಕು, ಯಾಕಂದ್ರೆ ಮಾರೋನಿಗೂ ವಾರ ಗಾಡಿ ನಿಲ್ಸಿದ್ದಕ್ಕೆ ಏನೋ ಒಂದು ಸಿಗ್ಬೇಕು, ಆಗ ಅವನೂ ಸೈನ್ ಹಾಕ್ತಾನೆ. ಲೋನ್ ಮಂಜೂರಾಗದಿದ್ರೆ ಅನ್ನೋ ಮಾತನ್ನ ಬರೆಸೋಕೆ ಬಹಳ ಜನ ಮರೀತಾರೆ, ಹಳೇ ಗಾಡಿಗೆ ಬ್ಯಾಂಕ್ ಎಷ್ಟು ಕೊಡತ್ತೆ ಅಂತ ಅದು ಮೌಲ್ಯ ಕಟ್ಟೋವರೆಗೆ ಹೇಳೋಕಾಗಲ್ಲ. ಪ್ರಿಂಟ್ ರಸೀದಿ ಕೊಟ್ರೆ ಹಿಂದೆ ಮುಂದೆ ಎರಡೂ ಓದಿ, "ನಾನ್ ರಿಫಂಡಬಲ್" ಅಂತ ಇದ್ರೆ ಅದನ್ನ ಪೆನ್ನಲ್ಲಿ ಹೊಡೆದು ಪಕ್ಕದಲ್ಲಿ ಸೈನ್ ಹಾಕಿಸ್ಕೊಳ್ಳಿ. ಒಪ್ಪಲ್ಲ ಅಂದ್ರೆ ಎದ್ದು ಬನ್ನಿ, ಅಂಥ ಕಾರು ಇನ್ನೂ ನೂರು ಇದೆ.

5. ಟೋಕನ್ ಕೊಟ್ಟ ಆ ವಾರದಲ್ಲಿ

ನಿಮ್ಮ ಮೆಕ್ಯಾನಿಕ್ ಕರ್ಕೊಂಡು ಹೋಗಿ, ಅವರು ತೋರ್ಸೋ ಮೆಕ್ಯಾನಿಕ್ ಅಲ್ಲ. ಕಂಪನಿ ಸರ್ವಿಸ್ ಸೆಂಟರಲ್ಲಿ ಹಿಸ್ಟರಿ ತೆಗೆಸಿದ್ರೆ ಕಿಲೋಮೀಟರ್ ಕಮ್ಮಿ ಕಾಣೋಹಾಗೆ ಮೀಟರ್ ತಿರುಗ್ಸಿದಾರಾ ಅಂತ ಗೊತ್ತಾಗತ್ತೆ. 2022ರ ಸೆಪ್ಟೆಂಬರಲ್ಲಿ ಬೆಂಗಳೂರು ಔಟರ್ ರಿಂಗ್ ರೋಡ್, ಯಮಲೂರು ಕಡೆ ಬೇಸ್‌ಮೆಂಟಲ್ಲಿ ಎಷ್ಟು ಕಾರು ಮುಳುಗಿತ್ತು ನೆನಪಿದ್ಯಲ್ಲ, ಅಂಥ ಗಾಡಿ ತೊಳೆದು ಮಾರಾಟಕ್ಕೆ ಬರೋದು ಉಂಟು. ಸೀಟ್ ಬೆಲ್ಟನ್ನ ಕೊನೆವರೆಗೂ ಎಳೆದು ಕೆಸರಿನ ಗೆರೆ ಇದ್ಯಾ ನೋಡಿ, ಸ್ಟೆಪ್ನಿ ಎತ್ತಿ ಕೆಳಗೆ ತುಕ್ಕು ನೋಡಿ. ಸಿಕ್ಕಿದ್ದನ್ನ ಅವತ್ತೇ ವಾಟ್ಸಾಪಲ್ಲಿ ಫೋಟೋ ಸಮೇತ ಮಾರೋನಿಗೆ ಕಳ್ಸಿ, ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ.

ಬಾಕಿ ದುಡ್ಡು ಕೊಡೋ ದಿನ ಗಾಡಿ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಓನರ್ ಸೈನ್, ಎರಡು ಕೀ, ಗಾಡಿ ಕೊಟ್ಟ ತಾರೀಕು ಟೈಮ್ ಬರೆದ ಡೆಲಿವರಿ ನೋಟ್ ತಗೊಳ್ಳಿ, ಆಮೇಲೆ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡ್ಸಿ.

6. ದುಡ್ಡು ವಾಪಸ್ ಕೊಡ್ದಿದ್ರೆ

ಮೋಸ ಅಂತ ಗೊತ್ತಾದ ಕೂಡ್ಲೇ, ಆನ್‌ಲೈನಲ್ಲಿ ಹಾಕಿರೋ ದುಡ್ಡಾದ್ರೆ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಟ್ರಾನ್ಸಾಕ್ಷನ್ ನಂಬರ್ ಕೊಡಿ. ಬೇಗ ಮಾಡಿದಷ್ಟೂ ಆ ಅಕೌಂಟಲ್ಲೇ ದುಡ್ಡು ತಡೆಯೋ ಸಾಧ್ಯತೆ ಜಾಸ್ತಿ. ನಕಲಿ ಆರ್‌ಸಿ ತೋರ್ಸಿದ್ರೆ, ಮೋಸ ಮಾಡ್ಬೇಕು ಅಂತಲೇ ಒಂದೇ ಗಾಡಿಗೆ ಇಬ್ಬರ ಹತ್ರ ಟೋಕನ್ ತಗೊಂಡಿದ್ರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆ 318ನೇ ಸೆಕ್ಷನ್, ಸ್ಟೇಷನ್‌ನಲ್ಲಿ ಲಿಖಿತ ದೂರು ಕೊಡಿ. ಡೀಲರ್ ಜೊತೆ ಜಗಳ ಆದ್ರೆ 1915 ಗ್ರಾಹಕ ಸಹಾಯವಾಣಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ, ಕೊಟ್ಟಿರೋ ದುಡ್ಡು 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ, ದೂರು 2 ವರ್ಷದೊಳಗೆ ಹಾಕ್ಬೇಕು. ಡೀಲರ್ ಅಲ್ಲದೆ ಓನರೇ ತಮ್ಮ ಸ್ವಂತ ಗಾಡಿ ಮಾರಿದ್ರೆ ಗ್ರಾಹಕ ಆಯೋಗಕ್ಕೆ ಹೋಗೋಕೆ ಬರಲ್ಲ, ವಕೀಲರ ನೋಟಿಸ್, ಆಮೇಲೆ ಸಿವಿಲ್ ಕೋರ್ಟೇ ದಾರಿ.

ಭಾವ ನಾಲ್ಕು ತಿಂಗಳು ಬರೀ ಫೋನ್ ಮಾಡ್ತಾ ಕೂತಿದ್ರು, "ನಾಳೆ ಹಾಕ್ತೀವಿ ಸಾರ್" ಅಂತ ಕೇಳಿ ಕೇಳಿ ಸಾಕಾಗಿತ್ತು. ಕೊನೆಗೆ ವಕೀಲರ ಹತ್ರ ಹೋಗಿ ರಿಜಿಸ್ಟರ್ಡ್ ಪೋಸ್ಟಲ್ಲಿ ಒಂದು ನೋಟಿಸ್ ಕಳ್ಸಿದ್ವಿ, ಹನ್ನೊಂದನೇ ದಿನಕ್ಕೆ 35 ಸಾವಿರ ಬಂತು. ಉಳಿದ 15 ಸಾವಿರ ಬರ್ಲಿಲ್ಲ.