ಟೋಕಿಯೊ ಸುತ್ತಲು ಒಂದು ದಿನದ ಪಾಸು: ಮೊದಲು ಪಾಸು, ಆಮೇಲೆ ಜಾಗ

ಟೋಕಿಯೊಗೆ ಹೋಗುವವರು ಸಾಮಾನ್ಯವಾಗಿ ನೋಡಬೇಕಾದ ಜಾಗಗಳ ಪಟ್ಟಿ ಮಾಡಿಕೊಂಡು, ಅದಕ್ಕೆ ಹೊಂದುವ ಪಾಸು ಯಾವುದೆಂದು ಹುಡುಕುತ್ತಾರೆ. ನಾನು ಮಾಡುವುದು ಉಲ್ಟಾ. ಈ ದಿನ ಯಾವ ಪಾಸು ಎಂದು ಮೊದಲು ತೀರ್ಮಾನಿಸಿ, ಅದು ನಡೆಯುವ ಹಾದಿಯಲ್ಲಿ ಸಿಗುವ ಜಾಗಗಳನ್ನಷ್ಟೇ ಆ ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಈ ಊರಿನ ರೈಲುಗಳು ಒಬ್ಬರ ಕೈಯಲ್ಲಿಲ್ಲ, ಅದೇ ಕಾರಣ. ನೆಲದಡಿಯಲ್ಲಿ ಟೋಕಿಯೊ ಮೆಟ್ರೊದ 9 ಮಾರ್ಗಗಳಿವೆ. ಮಹಾನಗರ ಸರ್ಕಾರದ ತೊಯೇ ಸಬ್‌ವೇಗೆ 4 ಮಾರ್ಗ. ಮೇಲೆ ಜೆಆರ್‌ನ (ಜಪಾನ್ ರೈಲ್ವೇಸ್) ಯಮನೊತೆ, ಚುವೊ ಮುಂತಾದವು ಓಡುತ್ತವೆ. ಇವುಗಳ ಆಚೆ ತೊಕ್ಯು, ಒದಾಕ್ಯು, ತೊಬು, ಕೇಯ್ಸೇ, ಕೇಯ್ಕ್ಯು ಎಂಬ ಖಾಸಗಿ ಕಂಪನಿಗಳು. ಒಬ್ಬರ ಪಾಸು ಇನ್ನೊಬ್ಬರ ಗೇಟಿನಲ್ಲಿ ನಡೆಯುವುದಿಲ್ಲ. ಮೊಬೈಲ್ ನಕ್ಷೆ ತೋರಿಸುವ ಅತಿ ಬೇಗದ ದಾರಿ ಈ ಕಂಪನಿಗಳ ಮಧ್ಯೆ ಹಾರಿಕೊಂಡು ಹೋಗುತ್ತದೆ. ಅದನ್ನು ನಂಬಿ ನಡೆದರೆ ಪಾಸು ಜೇಬಿನಲ್ಲೇ ಇದ್ದು, ಪ್ರತಿ ಗೇಟಿನಲ್ಲೂ ಬೇರೆ ದುಡ್ಡು ಕಳೆಯುತ್ತಿರುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ನಿಲ್ದಾಣದ ಬಾಯಲ್ಲಿ ನೀಲಿ ಹಿನ್ನೆಲೆಯ ಬಿಳಿ ಎಂ ಇದ್ದರೆ ಮೆಟ್ರೊ, ಬೀಸಣಿಗೆಯಾಕಾರದ ಹಸಿರು ಗಿಂಕೊ ಎಲೆ ಇದ್ದರೆ ತೊಯೇ. ಅಸಾಕುಸಾ, ಮಿತಾ, ಶಿಂಜುಕು, ಓಯೆದೊ, ಈ ನಾಲ್ಕು ಹೆಸರು ಬಾಯಿಪಾಠ ಮಾಡಿದರೆ ಸಾಕು. ನೆಲದಡಿಯ ಉಳಿದ ಮಾರ್ಗಗಳನ್ನೆಲ್ಲ ಮೆಟ್ರೊ ಎಂದುಕೊಂಡರೆ ಊರಿನ ನಡುಭಾಗದಲ್ಲಿ ತಪ್ಪಾಗುವುದಿಲ್ಲ. ಒಂದೇ ಹೆಸರಿನ ನಿಲ್ದಾಣಗಳ ಬಗ್ಗೆ ಮಾತ್ರ ಎಚ್ಚರವಿರಲಿ. ಅಸಾಕುಸಾ ಎಂಬ ಹೆಸರಿನಲ್ಲಿ ಮೆಟ್ರೊದ ಗಿಂಜಾ ಮಾರ್ಗಕ್ಕೊಂದು, ತೊಯೇಗೊಂದು, ತೊಬುಗೊಂದು, ಸುಕುಬಾ ಎಕ್ಸ್‌ಪ್ರೆಸ್ಸಿಗೊಂದು ನಿಲ್ದಾಣವಿದೆ. ಕೊನೆಯದು ಉಳಿದವುಗಳಿಂದ ನಡೆದು ಹೋಗಬೇಕಾದಷ್ಟು ದೂರ.

ಇನ್ನು ಲೆಕ್ಕ. ಮೆಟ್ರೊದ 24 ಗಂಟೆ ಟಿಕೆಟ್ 2024ರ ಮಾರ್ಚ್‌ನಿಂದ 700 ಯೆನ್. ಬಿಡಿ ಟಿಕೆಟಿನ ದರ 6 ಕಿ.ಮೀ.ವರೆಗೆ 180, 11ರವರೆಗೆ 210, 19ರವರೆಗೆ 260 ಯೆನ್. ಮೊದಲೇ ದುಡ್ಡು ತುಂಬಿಸಿ ಗೇಟಿಗೆ ತಟ್ಟುವ ಸುಯಿಕಾ, ಪಾಸ್ಮೊ ಕಾರ್ಡಿನಲ್ಲಿ ಇವೇ 178, 209, 252 ಆಗುತ್ತವೆ. ಅಂದರೆ ಸಣ್ಣ ಪ್ರಯಾಣವಾದರೂ ನಾಲ್ಕು ಸಲ ಹತ್ತಿ ಇಳಿದರೆ ಪಾಸಿನ ದುಡ್ಡು ಹುಟ್ಟಿತು. ಅದೇ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದರೆ 504 ಯೆನ್, ಪಾಸು ದಂಡ. ದೂರಕ್ಕಿಂತ ಎಷ್ಟು ಸಲ ಇಳಿಯುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಉಯೆನೊ ಪಾರ್ಕಿನ ಮ್ಯೂಸಿಯಂಗಳಲ್ಲೇ ಇಡೀ ದಿನ ಕಳೆಯುವವರು ಪಾಸಿನ ತಂಟೆಗೇ ಹೋಗಬಾರದು, ಸುಯಿಕಾ ಕಾರ್ಡೇ ಸಾಕು.

ಹತ್ತಿ ಇಳಿಯುವ ದಿನಕ್ಕೆ ಗಿಂಜಾ ಮಾರ್ಗಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 1927ರಲ್ಲಿ ಅಸಾಕುಸಾ–ಉಯೆನೊ ನಡುವೆ ಶುರುವಾದ ಇದು ಜಪಾನಿನ ಮೊದಲ ಸಬ್‌ವೇ. ಮೊದಲು ತೋಡಿದ್ದಾದ್ದರಿಂದ ನೆಲದಿಂದ ಹೆಚ್ಚು ಆಳದಲ್ಲಿಲ್ಲ. ಹಲವು ನಿಲ್ದಾಣಗಳಲ್ಲಿ ಒಂದೆರಡು ಮೆಟ್ಟಿಲುಸಾಲು ಇಳಿದರೆ ಪ್ಲಾಟ್‌ಫಾರ್ಮ್. ಪಾಸು ಇಟ್ಟುಕೊಂಡು ಒಂದೆರಡು ನಿಲ್ದಾಣಕ್ಕೂ ರೈಲು ಹತ್ತುವ ಆಟ ನಡೆಯುವುದು ಇಂಥ ಮಾರ್ಗದಲ್ಲಿ. ಅಸಾಕುಸಾದಲ್ಲಿ ಸೆನ್ಸೊಜಿ ದೇವಸ್ಥಾನ ನೋಡಿ ಉಯೆನೊಗೆ 180, ಅಲ್ಲಿಂದ ಗಿಂಜಾಕ್ಕೆ 180, ಗಿಂಜಾದಿಂದ ಒಮೊತೆಸಾಂದೊಗೆ 180, ಕೊನೆಗೆ ಶಿಬುಯಾಕ್ಕೆ 180. ಎಲ್ಲೂ ಮಾರ್ಗ ಬದಲಿಸದೆ, ಒಂದೇ ಸಾಲಿನಲ್ಲಿ 720 ಯೆನ್ ಆಯಿತು. ಶಿಬುಯಾದಿಂದ ಫುಕುತೊಶಿನ್ ಮಾರ್ಗದಲ್ಲಿ ಮೇಜಿ-ಜಿಂಗುಮಾಯೆ, ಆಮೇಲೆ ಶಿಂಜುಕು-ಸಾಂಚೊಮೆ, ರಾತ್ರಿ ಕೋಣೆಗೆ ವಾಪಸು. ಇವೆಲ್ಲ ಪುಕ್ಕಟೆಯಾಗಿ ಬಂದವು.

ಈ ಟಿಕೆಟಿನ ನಿಜವಾದ ಲಾಭ ಅದರ ಗಡಿಯಾರದಲ್ಲಿದೆ. ಮೊದಲ ಗೇಟಿಗೆ ಹಾಕಿದ ಗಳಿಗೆಯಿಂದ 24 ಗಂಟೆ ನಡೆಯುತ್ತದೆ, ತಾರೀಖು ಬದಲಾದರೂ ಚಿಂತೆಯಿಲ್ಲ. ಮಧ್ಯಾಹ್ನ 2ಕ್ಕೆ ಶುರು ಮಾಡಿದರೆ ಮರುದಿನ ಮಧ್ಯಾಹ್ನ 2ರವರೆಗೆ ನಿಮ್ಮದು. ಊರಿಗೆ ಬಂದಿಳಿದ ದಿನ ಮಧ್ಯಾಹ್ನ ಕೊಂಡು, ಮರುದಿನ ಬೆಳಿಗ್ಗೆಯ ತಿರುಗಾಟವನ್ನೂ ಅದರಲ್ಲೇ ಮುಗಿಸುವುದು ನನ್ನ ಕ್ರಮ. ಎರಡನೇ ದಿನದ ಬೆಳಿಗ್ಗೆಯನ್ನು ಮೆಟ್ರೊ ಜಾಗಗಳಿಗೆ ಇಟ್ಟು, ಮಧ್ಯಾಹ್ನ ನಡೆದು ನೋಡುವ ಕಡೆ ಹೋದರೆ ಎರಡು ಅರ್ಧ ದಿನಕ್ಕೆ ಒಂದೇ ಟಿಕೆಟ್ ಸಾಕು. ಆದರೆ ಯಂತ್ರದಲ್ಲಿ ಕೊಂಡದ್ದನ್ನು ಅದೇ ದಿನ ಶುರು ಮಾಡಬೇಕು. ‘ನಾಳೆ ಬೆಳಿಗ್ಗೆ ಗಡಿಬಿಡಿ ಬೇಡ’ ಎಂದು ರಾತ್ರಿಯೇ ಕೊಂಡಿಟ್ಟರೆ ಕೆಟ್ಟಿತು. ಮುಂಗಡ ಟಿಕೆಟ್ ಬೇರೆ, ಅದನ್ನು ತಿಂಗಳ ಪಾಸು ಕೊಡುವ ಕಚೇರಿಗಳಲ್ಲಿ ಮಾರುತ್ತಾರೆ.

ಕೊಳ್ಳುವ ಬಗೆ ಹೀಗೆ: ಯಂತ್ರದ ಪರದೆಯಲ್ಲಿ ಇಂಗ್ಲಿಷ್ ಒತ್ತಿ, ರಿಯಾಯಿತಿ ಟಿಕೆಟ್‌ಗಳ ಗುಂಪಿಗೆ ಹೋಗಿ, 24 ಗಂಟೆಯದನ್ನು ಆರಿಸಿ ನೋಟು ಹಾಕಿ. ಶಿಬುಯಾದ ಹಂಜೊಮೊನ್ ಮತ್ತು ಫುಕುತೊಶಿನ್ ಭಾಗ, ನಾಕಾ-ಮೆಗುರೊ, ಯೊಯೊಗಿ-ಉಯೆಹಾರಾ, ನಾಕಾನೊದಂಥ ಗಡಿ ನಿಲ್ದಾಣಗಳಲ್ಲಿ ಇದನ್ನು ಹುಡುಕಬೇಡಿ. ಅಲ್ಲಿ ಎರಡು ಕಂಪನಿಗಳು ಕೂಡುತ್ತವೆ, ನಿಲ್ದಾಣ ನಡೆಸುವವರು ಬೇರೆಯವರಾಗಿರುತ್ತಾರೆ. ನಟ್ಟನಡುವಿನ ನಿಲ್ದಾಣದಲ್ಲಿ ಕೊಳ್ಳುವುದೇ ಸಲೀಸು.

ಗಡಿ ಎಂದಾಗ ಹೇಳಲೇಬೇಕಾದ ಮಾತೊಂದಿದೆ. ಇಲ್ಲಿ ರೈಲು ಗಡಿಯಲ್ಲಿ ನಿಲ್ಲುವುದಿಲ್ಲ. ಕೂತ ಬೋಗಿ ಅಲುಗಾಡದೆ ಇನ್ನೊಂದು ಕಂಪನಿಯ ಹಳಿಗೆ ಹೋಗಿಬಿಡುತ್ತದೆ. ಹಂಜೊಮೊನ್ ಮಾರ್ಗದ ರೈಲು ಶಿಬುಯಾ ದಾಟಿದರೆ ತೊಕ್ಯು, ಒಶಿಯಾಗೆ ದಾಟಿದರೆ ತೊಬು. ಚಿಯೊದಾ ಮಾರ್ಗದ್ದು ಯೊಯೊಗಿ-ಉಯೆಹಾರಾ ಆಚೆ ಒದಾಕ್ಯು. ತೊಜಾಯ್ ಮಾರ್ಗದ್ದು ನಾಕಾನೊ ಆಚೆ ಜೆಆರ್. ತೊಯೇ ಅಸಾಕುಸಾ ಮಾರ್ಗದ ಎಷ್ಟೋ ರೈಲುಗಳು ಸೆಂಗಾಕುಜಿ ಕಳೆದು ಕೇಯ್ಕ್ಯು ಹಳಿಯಲ್ಲಿ ಹಾನೆದಾ ವಿಮಾನ ನಿಲ್ದಾಣಕ್ಕೇ ಹೋಗುತ್ತವೆ. ಪಾಸು ಈ ಗಡಿ ನಿಲ್ದಾಣದವರೆಗೆ ಮಾತ್ರ. ಆಚೆ ಹೋದರೆ ದಂಡವೇನೂ ಇಲ್ಲ. ಇಳಿದ ಕಡೆ ಗೇಟಿಗೆ ಪಾಸು ತುರುಕುವ ಬದಲು ಪಕ್ಕದ ಕಿಟಕಿಯಲ್ಲಿ ತೋರಿಸಿದರೆ, ಗಡಿಯಿಂದ ಅಲ್ಲಿಗೆ ಎಷ್ಟೋ ಅಷ್ಟನ್ನು ಲೆಕ್ಕ ಹಾಕಿ ತೆಗೆದುಕೊಳ್ಳುತ್ತಾರೆ. ಸುಯಿಕಾ ತಟ್ಟಿ ಹೊರಬರಲು ಯತ್ನಿಸಬೇಡಿ. ಕಾರ್ಡಿನಲ್ಲಿ ಒಳಬಂದ ದಾಖಲೆ ಇರುವುದಿಲ್ಲ, ಗೇಟು ಮುಚ್ಚಿಕೊಳ್ಳುತ್ತದೆ.

ಕುದಾನ್‌ಶಿತಾ ನಿಲ್ದಾಣದಲ್ಲಿ ಇನ್ನೊಂದು ಬಗೆಯ ಬಲೆ ಇದೆ. ಮೆಟ್ರೊದ ಹಂಜೊಮೊನ್ ಪ್ಲಾಟ್‌ಫಾರ್ಮಿಗೂ ತೊಯೇ ಶಿಂಜುಕು ಪ್ಲಾಟ್‌ಫಾರ್ಮಿಗೂ ಮಧ್ಯೆ ಒಂದು ಗೋಡೆ ಇತ್ತು, 2013ರಲ್ಲಿ ತೆಗೆದರು. ಈಗ ಒಂದೇ ಪ್ಲಾಟ್‌ಫಾರ್ಮಿನ ಎರಡು ಬದಿಯಲ್ಲಿ ಎರಡು ಕಂಪನಿಯ ರೈಲು ಬಂದು ನಿಲ್ಲುತ್ತವೆ, ನಡುವೆ ಗೇಟೂ ಇಲ್ಲ. ಬರೀ ಮೆಟ್ರೊ ಟಿಕೆಟ್ ಹಿಡಿದವರು ಆ ಬದಿಯ ರೈಲು ಹತ್ತಿದರೆ ಇಳಿಯುವಾಗಲೇ ಗೊತ್ತಾಗುವುದು. ಇಂಥ ಕಡೆ ಕಂಬದ ಮೇಲಿನ ಬಣ್ಣ ನೋಡಬೇಕು: ಹಂಜೊಮೊನ್ ನೇರಳೆ, ಶಿಂಜುಕು ಎಲೆಹಸಿರು.

ಎರಡೂ ಕಂಪನಿಗೆ ನಡೆಯುವ ಜಂಟಿ ದಿನದ ಟಿಕೆಟ್ಟೂ ಇದೆ, ಹೆಚ್ಚುಕಡಿಮೆ 1000 ಯೆನ್. ಪ್ರವಾಸಿಗರಿಗೆ ಅದನ್ನು ನಾನು ಹೇಳುವುದಿಲ್ಲ. ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ ಟೋಕಿಯೊ ಸಬ್‌ವೇ ಟಿಕೆಟ್ ಎಂಬ 24, 48, 72 ಗಂಟೆಯ ಟಿಕೆಟ್‌ಗಳು ವಿಮಾನ ನಿಲ್ದಾಣದಲ್ಲೇ ಸಿಗುತ್ತವೆ. ಮೆಟ್ರೊ, ತೊಯೇ ಎರಡರಲ್ಲೂ ನಡೆಯುತ್ತವೆ. 72 ಗಂಟೆಯದನ್ನು ಮೂರಕ್ಕೆ ಭಾಗಿಸಿದರೆ ದಿನಕ್ಕೆ ಬೀಳುವ ದರ ಮೆಟ್ರೊ ಒಂದರ ಟಿಕೆಟಿಗಿಂತಲೂ ಕಡಿಮೆ. ಮೂರು ದಿನ ಒಂದೇ ಸಮ ಸುತ್ತುವವರು ಅದನ್ನೇ ಕೊಳ್ಳಲಿ. ಒಂದೊಂದು ದಿನ ಬಿಡುವು ಕೊಟ್ಟು ಸುತ್ತುವವರಿಗೆ ಬಿಡಿ ದಿನದ ಪಾಸೇ ಸರಿ.

ಈಗ ನನಗೆ ಇಷ್ಟವಾದ ಪಾಸಿನ ಮಾತು: ತೊಯೇ ಮಾರುಗೊತೊ ಕಿಪ್ಪು, 700 ಯೆನ್. ತೊಯೇ ಸಬ್‌ವೇಯ ಜೊತೆಗೆ ತೊಯೇ ಬಸ್ಸು, ಅರಕಾವಾ ಟ್ರಾಮ್, ನಿಪ್ಪೊರಿ–ತೊನೆರಿ ಲೈನರ್ ಎಲ್ಲಕ್ಕೂ ನಡೆಯುತ್ತದೆ. ಇದಕ್ಕೆ 24 ಗಂಟೆಯ ಸವಲತ್ತಿಲ್ಲ, ಅದೇ ದಿನದ ಕೊನೆಯ ಗಾಡಿಯವರೆಗೆ ಮಾತ್ರ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಬೇಕು. ಬಸ್ಸಿನಲ್ಲಿ ಚಾಲಕರ ಹತ್ತಿರವೂ ಕೊಳ್ಳಬಹುದು. 5000, 10000ದ ನೋಟನ್ನು ಬಸ್ಸಿನ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ, 1000ದ ನೋಟು ಇಟ್ಟುಕೊಂಡಿರಿ. ನಗರದೊಳಗಿನ ತೊಯೇ ಬಸ್ಸನ್ನು ಮುಂದಿನ ಬಾಗಿಲಲ್ಲಿ ಹತ್ತಿ ಪಾಸು ತೋರಿಸಬೇಕು, ಇಳಿಯುವುದು ಹಿಂದಿನ ಬಾಗಿಲಲ್ಲಿ.

ಈ ಪಾಸಿನ ದಿನವನ್ನು ಹೀಗೆ ಹೆಣೆಯುತ್ತೇನೆ. ಅಸಾಕುಸಾದಲ್ಲಿ ಶುರು. ಅಲ್ಲಿಂದ ತೊ-08 ನಂಬರಿನ ಬಸ್ಸಿನಲ್ಲಿ ನಿಪ್ಪೊರಿ. ನಿಪ್ಪೊರಿಯಲ್ಲಿ ಲೈನರ್ ಹತ್ತಬೇಕು. 2008ರಲ್ಲಿ ಶುರುವಾದ ಇದು ಚಾಲಕನಿಲ್ಲದ ಗಾಡಿ, ಮನೆಗಳ ಮಾಳಿಗೆಗಳ ಎತ್ತರದಲ್ಲಿ ಓಡುತ್ತದೆ. ಎದುರು ಗಾಜಿನ ಹಿಂದಿನ ಸೀಟು ಸಿಗದಿದ್ದರೆ ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಕಾಯಿರಿ, ನಿಪ್ಪೊರಿ ಮೊದಲ ನಿಲ್ದಾಣವಾದ್ದರಿಂದ ಸಿಕ್ಕೇ ಸಿಗುತ್ತದೆ. ಕುಮಾನೊಮಾಯೆಯಲ್ಲಿ ಇಳಿದರೆ ಕೆಳಗೇ ಅರಕಾವಾ ಟ್ರಾಮಿನ ನಿಲ್ದಾಣ. ಮಿನೊವಾಬಾಶಿಯಿಂದ ವಾಸೆದಾವರೆಗೆ 12.2 ಕಿ.ಮೀ., 30 ನಿಲ್ದಾಣ, ಒಂದೇ ಬೋಗಿ. ವಾಸೆದಾ ಕಡೆಯದನ್ನು ಹತ್ತಿ ಅಸುಕಾಯಾಮಾದಲ್ಲಿ ಇಳಿಯಬಹುದು. ಅಲ್ಲಿನ ಪಾರ್ಕ್ ಏಪ್ರಿಲ್ ಮೊದಲ ವಾರದ ಆಸುಪಾಸಿನಲ್ಲಿ ಚೆರ್ರಿ ಹೂವಿಗೆ ಹೆಸರಾದದ್ದು. ಮುಂದೆ ಕೊಶಿಂಜುಕಾದಲ್ಲಿ ಇಳಿದು ಜಿಜೊ-ದೊರಿ ಬೀದಿಯಲ್ಲಿ ನಡೆಯುತ್ತ ಹೋದರೆ ಅದರ ಇನ್ನೊಂದು ತುದಿಗೆ ಸುಗಾಮೊ. ವಯಸ್ಸಾದವರೇ ಹೆಚ್ಚಾಗಿ ಬರುವ ಅಂಗಡಿ ಬೀದಿ ಇದು. ಸುಗಾಮೊದಲ್ಲಿ ಮಿತಾ ಮಾರ್ಗ, ಜಿಂಬೊಚೊದಲ್ಲಿ ಹಳೆ ಪುಸ್ತಕದಂಗಡಿಗಳ ಸಾಲು, ಅಲ್ಲಿಂದ ಶಿಂಜುಕು ಮಾರ್ಗದಲ್ಲಿ ಶಿಂಜುಕು. ಬಸ್ಸಿಗೆ 210, ಟ್ರಾಮಿಗೆ 170, ಎರಡು ಸಬ್‌ವೇ ಪ್ರಯಾಣಕ್ಕೆ ಕನಿಷ್ಠ 360. ಲೈನರ್ ಲೆಕ್ಕಕ್ಕೆ ಸೇರಿಸುವ ಮೊದಲೇ 740 ಆಯಿತು.

ಕೊಲ್ಲಿಯ ದ್ವೀಪವಾದ ಓದಾಯ್ಬಾಕ್ಕೆ ಹೋಗಲು ಎಲ್ಲರೂ ಯುರಿಕಾಮೊಮೆ ಎಂಬ ರೈಲು ಹತ್ತುತ್ತಾರೆ. ಅದು ಬೇರೆ ಕಂಪನಿ, ಮೇಲಿನ ಯಾವ ಪಾಸೂ ಅದಕ್ಕೆ ಸಲ್ಲದು. ಮಾರುಗೊತೊ ಇದ್ದವರು ಓಯೆದೊ ಮಾರ್ಗದ ಮೊನ್ಜೆನ್-ನಾಕಾಚೊದಲ್ಲಿ ಇಳಿದು ಉಮಿ-01 ಬಸ್ಸು ಹಿಡಿದರೆ ತೊಯೊಸು ಮೇಲೆ ಹಾಯ್ದು ಟೋಕಿಯೊ ಟೆಲಿಪೋರ್ಟ್ ನಿಲ್ದಾಣದವರೆಗೆ ಪಾಸಿನಲ್ಲೇ ಹೋಗಬಹುದು. ನಿಧಾನ, ಆದರೆ ಬೇರೆ ದುಡ್ಡಿಲ್ಲ.

ಓಯೆದೊ ಮಾರ್ಗದ ಬಗ್ಗೆ ಎರಡು ಎಚ್ಚರಿಕೆ. ನಕ್ಷೆಯಲ್ಲಿ ವೃತ್ತದಂತೆ ಕಂಡರೂ ಅದು ಇಂಗ್ಲಿಷಿನ 6ರ ಆಕಾರ, ಗಾಡಿ ಸುತ್ತು ಹಾಕುವುದಿಲ್ಲ. ತೊಚೊಮಾಯೆಗೆ ಬಂದಾಗ ಮುಗಿಯುವ ಗಾಡಿ ಯಾವುದು, ಹಿಕಾರಿಗಾವೊಕಾಕ್ಕೆ ಮುಂದುವರಿಯುವುದು ಯಾವುದು ಎಂದು ಫಲಕ ನೋಡಿ ಬದಲಿಸಬೇಕು. ಎರಡನೆಯದು ಆಳ. ರೊಪ್ಪೊಂಗಿಯಲ್ಲಿ ಅದರ ಪ್ಲಾಟ್‌ಫಾರ್ಮ್ ನೆಲದಿಂದ 42 ಮೀಟರ್ ಕೆಳಗಿದೆ. ಎಸ್ಕಲೇಟರ್ ಮೇಲೆ ಎಸ್ಕಲೇಟರ್. ನಕ್ಷೆ ಹೇಳುವ ಬದಲಾವಣೆಯ ಸಮಯಕ್ಕೆ ಇಲ್ಲಿ ಐದು ನಿಮಿಷ ಸೇರಿಸಿಕೊಳ್ಳಿ.

ಜೆಆರ್‌ನ ತೊಕುನಾಯಿ ಪಾಸು 2025ರಲ್ಲಿ 760 ಯೆನ್ ಇತ್ತು. ಟೋಕಿಯೊದ 23 ವಾರ್ಡುಗಳ ಒಳಗಿನ ಜೆಆರ್ ಮಾತ್ರ, ಶಿಂಕಾನ್‌ಸೆನ್ (ಬುಲೆಟ್ ರೈಲು) ಇಲ್ಲ. ಯಮನೊತೆಯ ಸಣ್ಣ ಪ್ರಯಾಣ ಮೆಟ್ರೊಗಿಂತ ಅಗ್ಗವಾದ್ದರಿಂದ ಈ ಪಾಸು ಗಿಟ್ಟಲು ಹೆಚ್ಚು ಸಲ ಹತ್ತಬೇಕು. ಜೊತೆಗೆ ಜನ ಹೋಗಬಯಸುವ ಜಾಗಗಳು ಒಂದೇ ನಿಲ್ದಾಣದಷ್ಟು ಆಚೆ ಉಳಿದುಬಿಡುತ್ತವೆ. ಚುವೊ ಮಾರ್ಗದಲ್ಲಿ ಪಾಸು ನಿಶಿ-ಒಗಿಕುಬೊಗೆ ಮುಗಿಯುತ್ತದೆ, ಮುಂದಿನದು ಕಿಚಿಜೊಜಿ. ಕೇಯ್ಯೊ ಮಾರ್ಗದಲ್ಲಿ ಕಸಾಯ್-ರಿಂಕಾಯ್ ಪಾರ್ಕಿಗೆ ಮುಗಿಯುತ್ತದೆ, ಮುಂದಿನದು ಡಿಸ್ನಿಲ್ಯಾಂಡಿನ ಮಾಯ್‌ಹಾಮಾ.

ಊಟದ ವಿಷಯದಲ್ಲೂ ಪಾಸು ಕೆಲಸಕ್ಕೆ ಬರುತ್ತದೆ. ಸಸ್ಯಾಹಾರಿಗಳಿಗೆ ಈ ಊರು ಕಷ್ಟ, ತರಕಾರಿ ಸೂಪಿಗೂ ಮೀನಿನ ಸಾರೇ ಬುಡ. ತೊಜಾಯ್ ಮಾರ್ಗದ ನಿಶಿ-ಕಸಾಯ್ ಸುತ್ತಮುತ್ತ ಭಾರತೀಯರು, ಅದರಲ್ಲೂ ಐಟಿಯವರು, ತುಂಬಾ ಇದ್ದಾರೆ. ದೋಸೆ, ಇಡ್ಲಿ ಸಿಗುವ ಹೋಟೆಲು, ಬೇಳೆ-ಮಸಾಲೆ ಅಂಗಡಿಗಳೂ ಇವೆ. ಮೆಟ್ರೊ 24 ಗಂಟೆ ಟಿಕೆಟಿನ ಎರಡನೇ ಬೆಳಿಗ್ಗೆಗೆ ಇದು ಸರಿಯಾಗಿ ಕೂರುತ್ತದೆ: ಹಿಬಿಯಾ ಮಾರ್ಗದಲ್ಲಿ ಸುಕಿಜಿಯ ಹೊರ ಮಾರುಕಟ್ಟೆ ನೋಡಿ, ಎರಡು ನಿಲ್ದಾಣ ಮುಂದಿನ ಕಯಾಬಾಚೊದಲ್ಲಿ ತೊಜಾಯ್‌ಗೆ ಬದಲಿಸಿ ನಿಶಿ-ಕಸಾಯ್. ಗಾಡಿಯ ಮೇಲೆ ‘ರ‍್ಯಾಪಿಡ್’ ಎಂದಿದ್ದರೆ ಹತ್ತಬೇಡಿ. ಅದು ತೊಯೊಚೊ ಬಿಟ್ಟರೆ ಉರಾಯಾಸುವಿನಲ್ಲೇ ನಿಲ್ಲುವುದು, ನಿಶಿ-ಕಸಾಯ್ ಕಣ್ಣೆದುರೇ ಹಾದುಹೋಗುತ್ತದೆ. ಹತ್ತಿಬಿಟ್ಟಿದ್ದರೆ ಉರಾಯಾಸುವಿನಲ್ಲಿ ಇಳಿದು ಸಾದಾ ಗಾಡಿಯಲ್ಲಿ ಎರಡು ನಿಲ್ದಾಣ ವಾಪಸು ಬನ್ನಿ. ಉರಾಯಾಸು ಚಿಬಾ ಪ್ರಾಂತ್ಯದಲ್ಲಿದ್ದರೂ ಮೆಟ್ರೊದ್ದೇ, ಪಾಸು ನಡೆಯುತ್ತದೆ.

ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ತೊಜಾಯ್ ಮಾರ್ಗದ ಕಡೆ ಸುಳಿಯಬೇಡಿ, ಊರಿನ ಅತಿ ನೂಕುನುಗ್ಗಲಿನ ಮಾರ್ಗಗಳಲ್ಲಿ ಅದೊಂದು. ಮಕ್ಕಳಿದ್ದರೆ 6ರಿಂದ 11 ವರ್ಷದವರಿಗೆ ಅರ್ಧ ದರದ ಪಾಸು. ಅದಕ್ಕಿಂತ ಚಿಕ್ಕವರಾದರೆ ಒಬ್ಬ ದೊಡ್ಡವರ ಜೊತೆ ಇಬ್ಬರಿಗೆ ಟಿಕೆಟ್ ಬೇಡ.

ಗೇಟಿನಲ್ಲಿ ಆಗುವ ತೊಂದರೆಗಳು ಎರಡೇ ಬಗೆ. ಕಾರ್ಡ್ ತಟ್ಟಲಷ್ಟೇ ಇರುವ ಗೇಟುಗಳು ಹೆಚ್ಚುತ್ತಿವೆ, ಕಾಗದದ ಪಾಸಿಗೆ ಸೀಳು ಇರುವ ಗೇಟನ್ನು ಹುಡುಕಿ ನಿಲ್ಲಬೇಕು. ಹಾಕಿದ ಪಾಸು ಆಚೆ ತುದಿಯಲ್ಲಿ ಮೇಲೆದ್ದು ಬರುತ್ತದೆ. ಬಿಡಿ ಟಿಕೆಟನ್ನು ಹೊರಬರುವಾಗ ಯಂತ್ರ ನುಂಗಿಕೊಳ್ಳುವುದರಿಂದ, ಅದೇ ಅಭ್ಯಾಸದಲ್ಲಿ ಪಾಸನ್ನೂ ಬಿಟ್ಟು ನಡೆಯುವವರಿದ್ದಾರೆ. ಕಳೆದರೆ ಮತ್ತೆ ಕೊಡುವುದಿಲ್ಲ. ಇನ್ನೊಂದು, ಆಯಸ್ಕಾಂತ. ಪಾಸಿನ ಹಿಂಬದಿ ಪೂರ್ತಿ ಕಾಂತಪಟ್ಟಿ. ಮುಚ್ಚಳದಲ್ಲಿ ಆಯಸ್ಕಾಂತ ಇರುವ ಮೊಬೈಲ್ ಕವರಿನೊಳಗೆ ಇಟ್ಟರೆ ದಾಖಲೆ ಅಳಿಸಿಹೋಗಿ ಗೇಟು ತೆರೆಯುವುದಿಲ್ಲ. ಹಾಗಾದರೆ ಪಾಸನ್ನು ಕಿಟಕಿಯಲ್ಲಿ ಕೊಡಿ. ಅದರ ಮೇಲೆ ಗಡುವು ಅಚ್ಚಾಗಿರುತ್ತದೆ, ನೋಡಿ ದಾರಿ ಬಿಡುತ್ತಾರೆ.