ನಮ್ಮ ನಾಗಬನದ ಕಾಂಕ್ರೀಟ್ ಕಿತ್ತದ್ದು

ನಮ್ಮದು ಉಡುಪಿ ಕಡೆ, ಕುಟುಂಬದ ನಾಗಬನ ಉಂಟು, ಅಂದ್ರೆ ನಾಗನ ಕಲ್ಲುಗಳಿರುವ ಮರಗಳ ತೋಪು, ಐದಾರು ಸೆಂಟ್ಸ್ ಜಾಗ ಅಷ್ಟೇ. ಸಣ್ಣದಿರುವಾಗ ಅದ್ರೊಳಗೆ ಹೋಗ್ಲಿಕ್ಕೇ ಹೆದರಿಕೆ, ಒಂದು ಗೆಲ್ಲು ಮುರಿಲಿಕ್ಕಿಲ್ಲ, ಕತ್ತಿ ತಾಗಿಸ್ಲಿಕ್ಕಿಲ್ಲ, ಬಿದ್ದ ತರಗೆಲೆ ಸಹ ಹೊರಗೆ ತರುವ ಹಾಗಿಲ್ಲ. ಆಮೇಲೆ ಬೊಂಬಾಯಿಯಿಂದ ದುಡ್ಡು ಬಂತು, ಜೀರ್ಣೋದ್ಧಾರ ಅಂತ ಮರ ಕಡಿದು ಸುತ್ತ ಕಾಂಕ್ರೀಟು, ಇಂಟರ್‌ಲಾಕು, ಗೇಟು. ಭಕ್ತಿಯಿಂದ್ಲೇ ಮಾಡಿದ್ದು, ದುಡ್ಡು ಕೊಟ್ಟವ್ರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳುದು.

ಒಂದು ಮಾರ್ಚಲ್ಲಿ ತಂಬಿಲಕ್ಕೆ, ಅಂದ್ರೆ ನಾಗನ ಪೂಜೆಗೆ, ಹೋದಾಗ ಕಾಂಕ್ರೀಟ್ ಕಾದು ಬರಿಗಾಲು ಇಡ್ಲಿಕ್ಕಾಗ್ಲಿಲ್ಲ. ನಾವು ಹಾಲು, ಎಳನೀರು ಎರೆಯುದು ನಾಗನಿಗೆ ತಂಪಾಗ್ಲಿ ಅಂತ, ಕೂರಿಸಿದ್ದು ನೋಡಿದ್ರೆ ದೋಸೆ ಕಾವಲಿ ಮೇಲೆ!

ಕಾಂಕ್ರೀಟ್ ಕಿತ್ತು ಪುನಃ ಮರ ನೆಡುದು ಸುಲಭ ಮಾರಾಯ್ರೆ, ಮನೆಯವ್ರನ್ನು ಒಪ್ಪಿಸುದೇ ಕಷ್ಟ. ಚಿಕ್ಕಪ್ಪ "ನಾಗದೋಷ ಬಂದ್ರೆ ನೀನು ನೋಡ್ಕೊಳ್ತೀಯಾ?" ಅಂತ ಎರಡು ವರ್ಷ ಎಳೆದ್ರು, ಕೊನೆಗೆ ಪೂಜೆ ಮಾಡುವ ಭಟ್ರೇ "ಬನ ಅಂದ್ರೆ ಕಾಡಲ್ವಾ" ಅಂದ್ಮೇಲೆ ಸುಮ್ಮನಾದ್ರು. ಕಲ್ಲುಗಳನ್ನು, ಕಟ್ಟೆಯನ್ನು ಮುಟ್ಲಿಲ್ಲ, ಪ್ರಾರ್ಥನೆ ಮಾಡಿ ಸುತ್ತಲಿನ ಕಾಂಕ್ರೀಟ್ ಮಾತ್ರ 2019ರ ಮೇ ತಿಂಗಳಲ್ಲಿ ಒಡೆಸಿದ್ದು. ಅಡಿಯಲ್ಲಿ ಮಣ್ಣು ಕಲ್ಲಿನ ಹಾಗೆ, ಒಂದು ಎರೆಹುಳ ಇಲ್ಲ. ಸಿಮೆಂಟ್ ಚೂರು ಹೆಕ್ಕಿ ಹೆಕ್ಕಿ ಸೊಂಟ ಬಿತ್ತು.

ಮಳೆ ಹಿಡಿದ್ಮೇಲೆ ಅರಣ್ಯ ಇಲಾಖೆ ನರ್ಸರಿಯಿಂದ ಗಿಡ ತಂದೆ: ಸುರಹೊನ್ನೆ, ರೆಂಜೆ, ಹಾಲೆ, ಪುನರ್ಪುಳಿ, ನೇರಳೆ. ರೆಂಜೆ ಅಂದ್ರೆ ಘಟ್ಟದ ಮೇಲಿನವ್ರ ಬಕುಳ. ನಾನು ಮಾಡಿದ ದೊಡ್ಡ ತಪ್ಪು ಮಣ್ಣಿಗೆ ಹೊದಿಸ್ಲಿಕ್ಕೆ ಹತ್ತಿರದ ಅಕೇಶಿಯ ತೋಪಿನ ಸೊಪ್ಪು ತಂದದ್ದು, ಅದು ಬೇಗ ಕೊಳೆಯುದೂ ಇಲ್ಲ, ಅದ್ರೊಟ್ಟಿಗೆ ಬಂದ ಬೀಜ ಎಲ್ಲ ಹುಟ್ಟಿ ಮರುವರ್ಷ ಬನದ ತುಂಬ ಅಕೇಶಿಯ ಸಸಿ, ಅದನ್ನು ಕೀಳುವಾಗ ಚಿಕ್ಕಪ್ಪ ನಿಂತು ನೋಡ್ತಿದ್ರು ಬೇರೆ. ಮತ್ತೆ ನಮ್ಮ ಹಿತ್ಲಿನ ಹಲಸು, ಮಾವಿನ ತರಗೆಲೆಯನ್ನೇ ಹಾಕಿದೆ. ಮೊದಲ ಮೂರು ಬೇಸಗೆ ವಾರಕ್ಕೆ ಎರಡು ಸಲ ಕೊಡಪಾನದಲ್ಲಿ ನೀರು ಹೊತ್ತೆ, ಆದ್ರೂ ಸುರಹೊನ್ನೆ ಎರಡು ಸತ್ತವು.

ಈಗ ಹಾಲೆ ನನ್ನ ತಲೆ ಮೇಲೆ ಹೋಗಿದೆ. ನಾನು ನೆಡದ ಗಿಡಗಳೂ ಬಂದಿವೆ, ಹಕ್ಕಿ ಬಾವಲಿಗಳ ಕೆಲಸ ಇರ್ಬೇಕು. ಒಳಗೆ ತರಗೆಲೆ ಗುಡಿಸ್ಬೇಡಿ ಅಂತ ಮಾತ್ರ ಪ್ರತಿ ಸಲ ಹೇಳ್ಬೇಕಾಗ್ತದೆ, ನಮ್ಮವ್ರಿಗೆ ಕ್ಲೀನ್ ಅಂದ್ರೆ ಬೋಳು ನೆಲ.

ಮೂಲೆಯಲ್ಲಿ ಕೇದಗೆ ಸಹ ನೆಟ್ಟಿದ್ದೆ. ಅದು ಇನ್ನೂ ಹೂ ಬಿಡ್ಲಿಲ್ಲ, ನಾಗರ ಪಂಚಮಿಗೆ ಪೇಟೆಯಿಂದ್ಲೇ ತರುದು.